ಉತ್ತರ ಮಾಡಿನ ಏಳನೆಯ ಪಕ್ಕಾಸು

ಪುಳಿಕ್ಕಡವಿನ ಇಗರ್ಜಿಯ ಹಂಚಿನ ಮಾಡು ಬಿಚ್ಚುವುದೆಂದು ತೀರ್ಮಾನವಾದ ವರ್ಷ ನಾನು ಅದರ ಇಬ್ಬರು ಮೊಕ್ತೇಸರರಲ್ಲಿ ಒಬ್ಬ. ನನಗಿಂತ ಮೊದಲು ನನ್ನ ಅಪ್ಪ, ವಡಕ್ಕೇಲ್ ಕುರುವಿಳ, ಹದಿನೆಂಟು ವರ್ಷ ಅದೇ ಜವಾಬ್ದಾರಿ ಹೊತ್ತವರು. ಅವರು ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಇಗರ್ಜಿಯ ಬಲಗೋಡೆಗೆ ಒತ್ತಿ, ಪಾದ್ರಿಗಳನ್ನು ಮಣ್ಣು ಮಾಡುವ ಸಾಲಿನ ಪಕ್ಕದಲ್ಲೇ ಅವರಿಗೆ ಜಾಗ ಕೊಟ್ಟಿದ್ದರು. ಊರಲ್ಲಿ ಅಷ್ಟು ಮರ್ಯಾದೆ ಅವರಿಗಿತ್ತು.

ಮಾಡಿನ ಮರ ಇನ್ನೂರ ಎಂಬತ್ತು ವರ್ಷದ್ದು. ಹೆಬ್ಬಲಸಿನ ತೊಲೆಗಳು, ನೆತ್ತಿಯಿಂದ ಗೋಡೆಗೆ ಇಳಿಯುವ ಹೆಬ್ಬಲಸಿನ ಪಕ್ಕಾಸುಗಳು, ಎಲ್ಲ ಕೂಡಿಕೆಗೂ ಮರದ ಗೂಟ. ಅಂಗಳದಲ್ಲಿ ನಿಂತು ನೋಡಿದರೆ ನೆತ್ತಿತೊಲೆ ಮುದಿ ಹಸುವಿನ ಬೆನ್ನಿನ ಹಾಗೆ ನಡುವೆ ಕುಸಿದಿತ್ತು. ಹಿಂದಿನ ಮಳೆಗಾಲವಿಡೀ ಬಲಿಪೀಠದ ಮುಂದೆ ಎರಡು ಕೊಡಪಾನ ಇಟ್ಟುಕೊಂಡೇ ಪೂಜೆ ನಡೆದಿತ್ತು. ಅರ್ಧ ಊರಿಗೆ ಇದನ್ನು ಕೆಡವಿ, ಹೊಳೆಯಾಚೆಯವರ ಹಾಗೆ ಕಾಂಕ್ರೀಟಿನದು ಎಬ್ಬಿಸುವ ಆಸೆ. ಹೊಸದಾಗಿ ಬಂದಿದ್ದ ಸ್ಕರಿಯಾ ಪಾದ್ರಿ ಅದಕ್ಕೆ ಒಪ್ಪಲಿಲ್ಲ. ಮೊದಲು ಮರ ಬಲ್ಲವರೊಬ್ಬರು ನೋಡಲಿ, ಆಮೇಲೆ ಜಗಳ ಆಡೋಣ ಎಂದರು. ಹಾಗೆ ಭಾರ್ಗವನ್ ಆಶಾರಿಗೆ ಹೇಳಿಕಳಿಸಿದೆವು. ಅವರ ಮನೆತನದ ಬಡಗಿಗಳು ದೇವಸ್ಥಾನಕ್ಕೂ ಇಗರ್ಜಿಗೂ ಒಂದೇ ಉಳಿಯಲ್ಲಿ ಕೆತ್ತಿಕೊಂಡು ಬಂದವರು.

ಆಶಾರಿ ಮೂರು ದಿನ ಬರೀ ನೋಡಿದರು. ಬೆರಳ ಗೆಣ್ಣಿನಿಂದ ಒಂದೊಂದು ಪಕ್ಕಾಸನ್ನೂ ತಟ್ಟಿ, ಕಿವಿಯಿಟ್ಟು ಕೇಳಿ, ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ನಾಲ್ಕನೆಯ ದಿನ ಸಭೆಯಲ್ಲಿ ಎದ್ದು ನಿಂತು, "ಕೆಡವೋದೇ ಆದ್ರೆ ನನ್ನ ಯಾಕೆ ಕರೆದ್ರಿ? ಅದಕ್ಕೆ ಒಂದು ಆನೆ ಸಾಕಿತ್ತು. ಕಾಲು ಭಾಗ ಕೊಳೆತಿದೆ. ಉಳಿದ ಮುಕ್ಕಾಲು ಭಾಗ ಇಲ್ಲಿ ಕೂತಿರೋ ಯಜಮಾನ್ರೆಲ್ಲರಿಗಿಂತ ಗಟ್ಟಿಯಾಗಿದೆ," ಎಂದರು. ಕಾಂಕ್ರೀಟಿನವರೂ ನಕ್ಕರು. ಆ ನಗುವಿನಲ್ಲೇ ದುರಸ್ತಿ ಎಂದು ತೀರ್ಮಾನವಾಯಿತು.

ಮಕರ ಮಾಸದ ಹಬ್ಬ ಮುಗಿದ ಮೇಲೆ ಕೆಲಸ ಶುರುವಾಯಿತು. ಮಳೆ ಬರುವಷ್ಟರಲ್ಲಿ ಮುಗಿಯಬೇಕು. ಒಳಗೆ ಬಿದಿರಿನ ಅಟ್ಟಣೆ ಕಟ್ಟಿ, ನೆತ್ತಿತೊಲೆಗೆ ಕೆಳಗಿನಿಂದ ಊರುಗೋಲು ಕೊಟ್ಟು, ಎರಡೂ ಇಳಿಜಾರಿನ ಹಂಚನ್ನು ಸಮಸಮವಾಗಿ ಇಳಿಸಿದರು. ಒಂದು ಬದಿ ಹಗುರಾದರೆ ಇನ್ನೊಂದು ಬದಿಯ ಭಾರ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ ಎಂದು ಆಶಾರಿ ತಮ್ಮ ಕೆಲಸಗಾರರಿಗೆ ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಕೊಳೆತ ತುದಿಯನ್ನಷ್ಟೇ ಕೊಯ್ದು, ಒಣಗಿದ ಹೊಸ ಹೆಬ್ಬಲಸನ್ನು ಓರೆಯಾಗಿ ಕೂಡಿಸಿ ಗೂಟ ಹೊಡೆಯುವುದು ಅವರ ಕ್ರಮ. ನಾನು ದಿನಾ ಬೆಳಿಗ್ಗೆ ತೋಟಕ್ಕೆ ಹೋಗುವ ಮೊದಲು ಬಂದು ನೋಡಿಕೊಂಡು ಹೋಗುತ್ತಿದ್ದೆ.

ಮೂರನೆಯ ವಾರ. ಅಂದು ಆಶಾರಿ ಅಟ್ಟಣೆಯ ಮೇಲೆ ಒಬ್ಬರೇ ಇದ್ದರು. ಕೆಲಸಗಾರರನ್ನೆಲ್ಲ ಹೊಳೆದಂಡೆಯಿಂದ ಮರ ತರಲು ಕಳಿಸಿಬಿಟ್ಟಿದ್ದರು. ನನ್ನನ್ನು ಕಂಡವರೇ, "ಲೂಕಾಚ್ಚಾ, ಒಂದ್ಸಲ ಮೇಲೆ ಬನ್ನಿ," ಎಂದರು.

ಹತ್ತಿ ಹೋದೆ. ಉತ್ತರ ಬದಿಯಲ್ಲಿ, ಬಲಿಪೀಠದಿಂದ ಏಳನೆಯ ಪಕ್ಕಾಸು. ಕೆಳಗಿನಿಂದ ನೋಡುವವರಿಗೆ ಅದು ಕಾಣದ ಹಾಗೆ ಯಾರೋ ಮಾರುದ್ದದ ಹಲಗೆಯೊಂದನ್ನು ಅಕ್ಕಪಕ್ಕದ ಪಕ್ಕಾಸುಗಳಿಗೆ ಸೇರಿಸಿ ಬಡಿದು, ಕೀಲೆಣ್ಣೆ ಬಳಿದಿದ್ದರಂತೆ. ಆ ಹಲಗೆಯನ್ನು ಆಶಾರಿ ಎಬ್ಬಿಸಿ ಪಕ್ಕಕ್ಕಿಟ್ಟಿದ್ದರು.

"ಇಡೀ ಮಾಡಲ್ಲಿ ಇಲ್ಲಿ ಮಾತ್ರ ಕಬ್ಬಿಣದ ಮೊಳೆ. ಇದು ಆಶಾರಿ ಕೈ ಅಲ್ಲ. ಅರ್ಧ ಮೊಳೆ ಸೊಟ್ಟಗಾಗಿವೆ, ನೋಡಿ. ಹೊಡೆದವನಿಗೆ ಕೈ ನಡುಗ್ತಿತ್ತು, ಇಲ್ಲಾಂದ್ರೆ ಸುತ್ತಿಗೆ ಹಿಡಿದು ಗೊತ್ತಿರಲಿಲ್ಲ."

ಹಲಗೆ ಮರೆಮಾಡಿದ್ದ ಪಕ್ಕಾಸು ಎರಡು ತುಂಡು. ಮುರಿದ ಬಾಯಿಯಲ್ಲಿ ಹೊರಗಿನ ನಾರು ಚೂಪಾಗಿ ನಿಂತಿತ್ತು. ಒಳಗೆ ಬರೀ ಕಂದು ಹಿಟ್ಟು. ಮೇಲಿನ ತುಂಡು ನೆತ್ತಿತೊಲೆಗೆ ಗೂಟದಲ್ಲಿ ಅಂಟಿಕೊಂಡೇ ಇತ್ತು. ಅದಕ್ಕೆ ತೆಂಗಿನ ನಾರಿನ ಹಗ್ಗ ಎರಡು ಸುತ್ತು ಬಿಗಿದು ಗಂಟು ಹಾಕಿತ್ತು. ಹಗ್ಗದ ತುದಿ ಒಂದು ಗೇಣು ಕೆಳಕ್ಕೆ ಇಳಿಬಿದ್ದಿತ್ತು.

ಆಶಾರಿ ಆ ತುದಿಯನ್ನು ನನ್ನ ಕಡೆ ತಿರುಗಿಸಿದರು. "ಹಗ್ಗ ಹರಿದ್ರೆ ನಾರು ಪೊರಕೆ ಥರ ಕೆದರುತ್ತೆ. ಇದನ್ನ ಕುಯ್ದಿದ್ದಾರೆ. ನಾನು ಹೊರಗಿನವನು, ಲೂಕಾಚ್ಚಾ. ಆದ್ರೆ ಈ ಮಾಡಿನ ಮೇಲೆ ಯಾರು ಸತ್ತಿದ್ದು ಅಂತ ನಂಗೂ ಗೊತ್ತು. ಬೇರೆ ಯಾರಿಗೂ ತೋರಿಸಿಲ್ಲ. ನಾಳೆ ಮಧ್ಯಾಹ್ನ ಇಲ್ಲಿಗೆ ಹೊಸ ಮರ ಕೂಡಿಸ್ತೀನಿ. ಅಷ್ಟರಲ್ಲಿ ಏನು ಮಾಡ್ತೀರೋ ಮಾಡಿ."

ಪೈಲಿಯ ವಿಷಯ ಈಗ ಹೇಳಬೇಕು. ಪೈಲಿ ನಮ್ಮೂರಿನ ಹಂಚು ಹೊದಿಸುವವನು. ಆ ಎತ್ತರದ ಮಾಡಿಗೆ ಧೈರ್ಯವಾಗಿ ಹತ್ತುತ್ತಿದ್ದವನು ಅವನೊಬ್ಬನೇ. ಇದಕ್ಕೆ ಇಪ್ಪತ್ತೇಳು ವರ್ಷದ ಹಿಂದೆ, ಬಿಷಪ್ಪರು ಊರಿಗೆ ಬರುವ ಎರಡು ದಿನ ಮೊದಲು, ಒಡೆದ ಹಂಚು ಬದಲಿಸಲು ಅವನು ಬೆಳಿಗ್ಗೆ ಮಾಡಿಗೆ ಹತ್ತಿದ್ದ. ಹತ್ತು ಗಂಟೆಗೆ ಸಾವಿನ ಗಂಟೆ ಬಾರಿಸಿತು. ಜನ ಓಡಿ ಬಂದಾಗ ಪೈಲಿ ಉತ್ತರದ ಅಂಗಳದಲ್ಲಿ ಕುತ್ತಿಗೆ ಮುರಿದು ಬಿದ್ದಿದ್ದ. ಮಳೆಯಿಲ್ಲ, ಹಂಚು ಒಣಗಿತ್ತು. ಮಾಡು ಇಡಿಯಾಗಿತ್ತು. ಆಗಿನ ಪಾದ್ರಿ, ಏನಾದರೂ ಮುರಿದಿತ್ತೇ ಎಂದು ಮೊಕ್ತೇಸರರನ್ನು ಕೇಳಿದರು. ಏನೂ ಮುರಿದಿಲ್ಲ ಎಂದು ಅಪ್ಪ ಹೇಳಿದರು.

ಪೈಲಿಯ ಐದು ವರ್ಷದ ಮಗ ಅದಕ್ಕೆ ಎರಡು ತಿಂಗಳ ಹಿಂದೆ ಹೊಳೆಯಲ್ಲಿ ಮುಳುಗಿ ಹೋಗಿದ್ದ. ಅಂದಿನಿಂದ ಪೈಲಿ ಪೂಜೆಗೆ ಬರುವುದನ್ನು ಬಿಟ್ಟಿದ್ದ, ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಅವನ ಹೆಂಡತಿ ಏಲಿ ಪಾದ್ರಿಯ ಕಾಲು ಹಿಡಿದು, ಅವನು ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳದೆ ಎಂದೂ ಮಾಡು ಹತ್ತಿದವನಲ್ಲ, ಆ ಬೆಳಿಗ್ಗೆಯೂ ಹಗ್ಗ ಹೆಗಲಿಗೆ ಹಾಕಿಕೊಂಡೇ ಹೋಗಿದ್ದ ಎಂದು ಅತ್ತಳು. ಆದರೆ ಹೆಣದ ಮೈಮೇಲೆ ಹಗ್ಗ ಇರಲಿಲ್ಲ, ಮಾಡಿನ ಮೇಲೂ ಇರಲಿಲ್ಲ. ಹಾಗಿದ್ದರೆ ಅವನೇ ಬಿಚ್ಚಿ ಎಸೆದು ಹಾರಿದ್ದಾನೆ ಎಂದು ಜನ ಹೇಳಿದರು. ಅವಳ ಸಾಕ್ಷಿಯೇ ಅವನಿಗೆ ಮುಳುವಾಯಿತು. ತಾವೇ ಪ್ರಾಣ ಕಳೆದುಕೊಂಡವರಿಗೆ, ಪಾಪ ನಿವೇದನೆ ಮಾಡದೆ ಸತ್ತವರಿಗೆ ಆಗ ನಮ್ಮಲ್ಲಿ ಸ್ಮಶಾನದ ಗೋಡೆಯಾಚೆ ತೆಮ್ಮಾಡಿಗುಂಡಿ ಎಂದು ಒಂದಿತ್ತು, ಪೋಕರಿಗಳ ಗುಂಡಿ. ಶಿಲುಬೆಯಿಲ್ಲದೆ, ಪ್ರಾರ್ಥನೆಯಿಲ್ಲದೆ ಪೈಲಿಯನ್ನು ಅದಕ್ಕೆ ಹಾಕಿದರು. ಏಲಿಯ ಮಗಳು ರೋಸಳಿಗೆ ಸುತ್ತಮುತ್ತ ಗಂಡು ಸಿಗಲಿಲ್ಲ. ಮಲಬಾರಿನ ಬೆಟ್ಟದ ಕಡೆ ಹೆಂಡತಿ ಸತ್ತ ಮುದುಕನೊಬ್ಬನಿಗೆ ಕೊಟ್ಟರು. ಮೊದಲ ಹೆರಿಗೆಯಲ್ಲೇ ಅವಳು ಹೋದಳು.

ಆ ದಿನ ನಾನು ಇಪ್ಪತ್ತೆರಡರವನು. ಅಪ್ಪ ಸಂಜೆ ಬಂದು ಬಾವಿಕಟ್ಟೆಯ ಮೇಲೆ ಬಹಳ ಹೊತ್ತು ಕೂತಿದ್ದು ನೆನಪಿದೆ. ಬಿಷಪ್ಪರ ಸ್ವಾಗತದ ತಯಾರಿಯ ದಣಿವು ಎಂದುಕೊಂಡಿದ್ದೆವು. ಅಂದಿನಿಂದ ಅವರು ಇಗರ್ಜಿಯೊಳಗೆ ತಲೆ ಬಗ್ಗಿಸಿಯೇ ಕೂರುತ್ತಿದ್ದರು. ಊರವರು ಅದನ್ನು ಭಕ್ತಿ ಎಂದರು.

ಹಗ್ಗವನ್ನು ಆಶಾರಿಯಿಂದಲೇ ಬಿಚ್ಚಿಸಿಕೊಂಡೆ. ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ನೇರ ಇಟ್ಟೂಪ್ಪನ ಕೋಣೆಗೆ ಹೋದೆ. ಇಟ್ಟೂಪ್ಪ ಇಗರ್ಜಿಯ ಗಂಟೆ ದೀಪ ನೋಡಿಕೊಳ್ಳುವ ಕಪ್ಯಾರ್, ಪೈಲಿ ಸತ್ತ ದಿನ ಗಂಟೆ ಬಾರಿಸಿದವನು. ಐವತ್ತು ವರ್ಷ ಅದೇ ಕೆಲಸ ಮಾಡಿ, ಕಣ್ಣು ಹೋದ ಮೇಲೂ ಗಂಟೆಗೋಪುರದ ಹಿಂದಿನ ಕೋಣೆ ಬಿಟ್ಟಿರಲಿಲ್ಲ. ಗಂಜಿ ಉಣ್ಣುತ್ತಿದ್ದ. ನಾನು ಹಗ್ಗವನ್ನು ಅವನ ಕೈಗೆ ಕೊಟ್ಟೆ. ಬೆರಳಾಡಿಸಿ, ಗಂಟು ಮುಟ್ಟಿ, ಕೊಯ್ದ ತುದಿ ಮುಟ್ಟಿ, ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಹಲಗೆ ಕಿತ್ರಾ?" ಎಂದ.

ಆಮೇಲೆ ಅವನು ಹೇಳಿದ್ದು ಇಷ್ಟು. ಆ ಬೆಳಿಗ್ಗೆ ಒಳಗೆ ನೆಲ ಗುಡಿಸುತ್ತಿದ್ದಾಗ ಮೇಲೆ ಏನೋ ಲಟಕ್ಕೆಂದಿತು. ಹಂಚು ಸುರಿಯಿತು, ಪಕ್ಕಾಸಿನ ತುಂಡು ಬಿತ್ತು, ಮಾಡಿನ ತೂತಿನಿಂದ ಪೈಲಿ ಸೊಂಟದ ಹಗ್ಗದಲ್ಲಿ ಜೋತುಬಿದ್ದ. ಹಗ್ಗ ಎದೆಗೆ ಏರಿ ಬಿಗಿದು ಉಸಿರು ಸಿಗದೆ ಕಾಲು ಬಡಿಯುತ್ತಿದ್ದ. ಶಬ್ದಕ್ಕೆ ಅಪ್ಪ ಓಡಿ ಬಂದರು. ಹೊರಗೆ ಪೈಲಿಯ ಏಣಿ ಇತ್ತು. ಅಪ್ಪ ಅದನ್ನು ಹತ್ತುತ್ತ, ಜನ ಕರೆದು ತಾ ಎಂದು ಇವನನ್ನು ಓಡಿಸಿದರು. ಎಲ್ಲರೂ ಹೊಳೆಯಾಚೆಯ ಗದ್ದೆಯಲ್ಲಿ ಕೊಯ್ಲಿಗೆ ಹೋಗಿದ್ದರು. ಕಡವಿನಲ್ಲಿ ದೋಣಿಯೂ ಇರಲಿಲ್ಲ. ತಿರುಗಿ ನೋಡಿದಾಗ ಅಪ್ಪ ಮಾಡಿನ ಮೇಲೆ, ತೂತಿನ ಅಂಚಿನಲ್ಲಿ ಬಗ್ಗಿ ಕೂತಿದ್ದು ಅವನಿಗೆ ಕಂಡಿತ್ತು.

"ವಾಪಸ್ ಬಂದಾಗ ಪೈಲಿ ನೆಲದ ಮೇಲಿದ್ದ. ನಿನ್ನಪ್ಪ ಪಕ್ಕದಲ್ಲಿ ಕೂತಿದ್ರು. ಕೈಲಿ ಕತ್ತಿ ಇತ್ತು, ಎಳನೀರಿನ ಕತ್ತಿ."

"ಜೀವ ಇತ್ತಾ?"

"ನಾನು ಹೋಗೋವಾಗ ಇತ್ತು."

ಯಾಕೆ ಕೊಯ್ದರು ಎಂದು ಕೇಳಿದೆ. ಅವನು ತಲೆಯಾಡಿಸಿದ. "ನಾನು ಕೇಳ್ಲಿಲ್ಲ, ಅವರು ಹೇಳ್ಲಿಲ್ಲ. ಎಳೆದು ಎತ್ತೋಕೆ ನೋಡಿದ್ರೋ ಏನೋ, ಅಂಗೈ ಎರಡೂ ಸುಲಿದು ಹೋಗಿತ್ತು. ಪಕ್ಕದ್ದೂ ಮುರಿದು ಇಬ್ರೂ ಹೋಗ್ತೀವಿ ಅನ್ನಿಸ್ತೋ. ಇಲ್ಲಾ, ಉಸಿರು ಕಟ್ಟಿ ಒದ್ದಾಡೋದು ನೋಡೋಕಾಗ್ಲಿಲ್ವೋ. ದೇವರಿಗೇ ಗೊತ್ತು. ಮೊದಲು ಹಂಚಿನ ಚೂರು ಗುಡಿಸು ಅಂದ್ರು. ಗುಡಿಸಿದೆ."

ಇಬ್ಬರೂ ಸೇರಿ ಪೈಲಿಯನ್ನು ಹೊರಗೆ ಉತ್ತರದ ಅಂಗಳಕ್ಕೆ ಹೊತ್ತು ತಂದು ಹಾಕಿದರು, ಸೊಂಟದ ಹಗ್ಗ ಬಿಚ್ಚಿ ಒಲೆಗೆ ಹಾಕಿದರು, ಹಲಗೆ ಬಡಿದು ಹಂಚು ಮುಚ್ಚಿದರು. ಮೊಳೆ ಎತ್ತಿಕೊಟ್ಟವನು ಇಟ್ಟೂಪ್ಪ. ಮೇಲಿನ ಗಂಟನ್ನು ಬಿಚ್ಚಲು ಅಪ್ಪನ ಕೈಯಲ್ಲಿ ಆಗಲಿಲ್ಲವಂತೆ. ಎಲ್ಲ ಮುಗಿದ ಮೇಲೆ ಗಂಟೆ ಬಾರಿಸಿದ್ದು. ಆ ಪಕ್ಕಾಸುಗಳು ಕೊಳೆತಿವೆ ಎಂದು ಹಿಂದಿನ ವರ್ಷವೇ ಪೈಲಿ ಮೊಕ್ತೇಸರರಿಗೆ ಹೇಳಿದ್ದ. ಬಿಷಪ್ಪರು ಬರುವುದರೊಳಗೆ ಬಲಿಪೀಠಕ್ಕೆ ಚಿನ್ನದ ರೇಕು ಆಗಲಿ, ಮಾಡಿನದು ಆಮೇಲೆ ನೋಡೋಣ ಎಂದು ಅಪ್ಪ ಮುಂದೂಡಿದ್ದರು. ಹಾರಿದ ಎಂದು ಅಪ್ಪ ಎಲ್ಲೂ ಹೇಳಲಿಲ್ಲ. ಊರೇ ಹೇಳಿತು. ಅವರು ಅಲ್ಲ ಎನ್ನಲಿಲ್ಲ, ಅಷ್ಟೇ.

"ನೀನು ಯಾಕೆ ಬಾಯಿ ಮುಚ್ಕೊಂಡಿದ್ದೆ?" ಎಂದೆ.

"ನಿನ್ನಪ್ಪ ಈ ಕೋಣೆ ಕೊಟ್ರು," ಎಂದ ಇಟ್ಟೂಪ್ಪ. ಅಳಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ.

ಹೊರಗೆ ಬಂದು ಅಂಗಳದಲ್ಲಿ ನಿಂತೆ. ಮನೆಗೆ ಹೋಗಿ ಹಗ್ಗವನ್ನು ನಾನೂ ಒಲೆಗೆ ಹಾಕಬಹುದಿತ್ತು. ಆಶಾರಿ ಬಾಯಿ ಬಿಡುವವರಲ್ಲ, ಇಟ್ಟೂಪ್ಪ ಎಂದೂ ಬಿಟ್ಟಿರಲಿಲ್ಲ. ಆ ಯೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮನೆಯ ದಾರಿಯಲ್ಲಿ ಅರ್ಧ ದೂರ ಹೋಗಿಯೂ ಇದ್ದೆ. ಆಮೇಲೆ ಕಡವಿನ ಕಡೆ ತಿರುಗಿದೆ.

ಪೈಲಿಯ ಹೆಂಡತಿ ಏಲಿ, ನಮಗೆಲ್ಲ ಏಲಿಚ್ಚೇಡತ್ತಿ, ಕಡವಿನ ಹತ್ತಿರ ಒಂದೇ ಕೋಣೆಯ ಮನೆಯಲ್ಲಿದ್ದಳು. ಅರವತ್ತು ದಾಟಿತ್ತು. ಜಗಲಿಯಲ್ಲಿ ಕೂತು ತೆಂಗಿನ ಗರಿ ಹೆಣೆಯುತ್ತಿದ್ದಳು. ನನ್ನನ್ನು ಕಂಡು, ಮಗನನ್ನು ಕರೆಯುವ ಹಾಗೆ, "ಏನ್ ಮೋನೇ, ಮೊಕ್ತೇಸರ್ರಿಗೆ ದಾರಿ ತಪ್ತಾ?" ಎಂದಳು. ನಾನು ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ, ಅಪ್ಪನ ಕತ್ತಿಯ ವಿಷಯವನ್ನೂ. ಹೇಳುವಾಗ ಅವಳ ಮುಖ ನೋಡಲಾಗದೆ ಗರಿಯನ್ನೇ ನೋಡುತ್ತಿದ್ದೆ. ಹೆಣೆಯುವ ಕೈ ನಿಂತದ್ದು ಯಾವಾಗ ಎಂದು ತಿಳಿಯಲಿಲ್ಲ.

ಹಗ್ಗ ಕೊಡು ಎಂದು ಕೈಚಾಚಿದಳು. ತೊಡೆಯ ಮೇಲಿಟ್ಟುಕೊಂಡು ಎಳೆ ಬಿಡಿಸಿ ನೋಡಿದಳು.

"ನಾನೇ ಹೊಸೆದಿದ್ದು," ಎಂದಳು. "ಮೂರೆಳೆ. ಅವನಿಗೆ ಎರಡೆಳೆ ಸಾಕಿತ್ತು. ನಾನೇ ಮೂರು ಹಾಕಿದ್ದೆ."

ಕೊಯ್ದ ತುದಿಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು ಮುಂದುವರಿಸಿದಳು.

"ಹಗ್ಗ ಇತ್ತು ಅಂತ ಪಾದ್ರಿ ಮುಂದೆ ಹೇಳ್ದೆ, ಬಿಷಪ್ಪರ ಮುಂದೂ ಹೋಗಿ ಹೇಳ್ದೆ. ಯಾರೂ ಕೇಳ್ಲಿಲ್ಲ. ಒಂದು ವರ್ಷ ಹೇಳ್ದೆ. ಆಮೇಲೆ ನಾನೂ ಅವರ ಹಾಗೇ ಅಂದ್ಕೊಂಡೆ, ಮೋನೇ. ಹಗ್ಗ ಇತ್ತು, ಈಗಿಲ್ಲ, ಅಂದ್ರೆ ಅವನೇ ಬಿಚ್ಚಿದ. ಮಗ ಹೋದ ಅಂತ ಅವನೂ ಹೋದ, ನಾನು, ರೋಸ ಅವನಿಗೆ ಏನೂ ಅಲ್ಲ ಅಂತ." ಅವಳ ದನಿ ಏರಲಿಲ್ಲ. "ಇಪ್ಪತ್ತಾರು ವರ್ಷ ದಿನಾ ಬೈದಿದ್ದೀನಿ. ರೋಸ ಸತ್ತ ಸುದ್ದಿ ಬಂದ ದಿನ ಆ ಗುಂಡಿ ಹತ್ರ ಹೋಗಿ ಉಗಿದು ಬಂದೆ. ಒಂದು ಮೇಣದಬತ್ತಿ ಹಚ್ಚಿಲ್ಲ. ಅವನು ಮೇಲೆ ಜೋತಾಡ್ತಾ ನನ್ನ ಹಗ್ಗ ಹಿಡ್ಕೊಂಡಿದ್ನಲ್ಲ."

ನಾನು ಅಪ್ಪನ ಪರವಾಗಿ ಕ್ಷಮಿಸು ಎಂದೆನೋ, ಎನ್ನಲು ಹೋದೆನೋ, ಈಗ ನೆನಪಿಲ್ಲ. ಅವಳು ಕೈಯೆತ್ತಿ ತಡೆದಳು.

"ನಿನ್ನಪ್ಪ ಕುಯ್ದಿದ್ದನ್ನ ದೇವರು ನೋಡ್ಕೊಳ್ಳಲಿ. ಅಲ್ಲಿ ಏನಾಯ್ತು ಅಂತ ನನಗೆ ಗೊತ್ತಿಲ್ಲ. ಆದ್ರೆ ಆಮೇಲೆ ಹದಿನಾರು ವರ್ಷ ಬದುಕಿದ್ರಲ್ಲ, ವಾರ ವಾರ ನನ್ನ ಮುಂದೇನೇ ನಡೆದು ಹೋಗ್ತಿದ್ರಲ್ಲ. ಒಂದು ಮಾತು ಸಾಕಿತ್ತು. ಹೋಗು, ಮೋನೇ. ಇದನ್ನ ಇಲ್ಲೇ ಬಿಟ್ಟು ಹೋಗು."

ಸ್ಕರಿಯಾ ಪಾದ್ರಿಗೆ ಅಂದೇ ಹೇಳಿದೆ. ಅವರು ಅಟ್ಟಣೆ ಹತ್ತಿ ಮುರಿದ ಪಕ್ಕಾಸು ನೋಡಿಬಂದು, ಸಾರ್ವಜನಿಕವಾಗಿ ಹೇಳುವ ಕೆಲಸ ನಿಮ್ಮದು, ನಾನು ಪಕ್ಕದಲ್ಲಿ ನಿಲ್ಲುತ್ತೇನೆ ಎಂದರು. ಭಾನುವಾರ ಪೂಜೆಯ ನಂತರ, ಬಿಚ್ಚಿದ ಮಾಡಿನ ಕೆಳಗೆ, ಟಾರ್ಪಾಲಿನ ನೆರಳಲ್ಲಿ ನಿಂತು ಹೇಳಿದೆ. ನನ್ನ ಅಣ್ಣ ಕುರಿಯನ್ ಮೊದಲನೆಯ ಸಾಲಿನಿಂದ ಎದ್ದು, ಮನೆಯವರನ್ನೆಲ್ಲ ಎಬ್ಬಿಸಿಕೊಂಡು ನಡೆದುಬಿಟ್ಟ. ಹೋಗುವಾಗ ನನ್ನ ಹತ್ತಿರ ಬಂದು, "ಸತ್ತವರು ಉತ್ತರ ಕೊಡೋಕಾಗಲ್ಲ ಅಂತ ಧೈರ್ಯ ಬಂತಾ?" ಎಂದ. ಅದೇ ಅವನು ನನಗೆ ಆಡಿದ ಕೊನೆಯ ಮಾತು.

ಊರಿನ ಗಂಡಸರು ಅದಾದ ಮೇಲೂ ಅನುಮಾನ ಬಿಡಲಿಲ್ಲ. ಹಗ್ಗ ಬೇರೆ ಯಾವುದೋ ಇರಬಹುದು, ಇಟ್ಟೂಪ್ಪನಿಗೆ ಅರಳುಮರುಳು, ಲೂಕೋಸನಿಗೆ ಅಣ್ಣನ ಜೊತೆ ಆಸ್ತಿಯ ಮುನಿಸು, ಹೀಗೆಲ್ಲ. ಹೆಂಗಸರು ಮಾತಾಡಲಿಲ್ಲ. ಆದರೆ ಮಾರನೆಯ ಬೆಳಿಗ್ಗೆ ಗೋಡೆಯಾಚೆಯ ಗುಂಡಿಯ ಮೇಲೆ ಯಾರೋ ಕಳೆ ಕಿತ್ತಿದ್ದರು, ನಾಲ್ಕಾರು ಮೇಣದಬತ್ತಿ ಉರಿದು ಕರಗಿದ್ದವು.

ಪೈಲಿಯನ್ನು ಎತ್ತಿ ಒಳಗಿನ ಮಣ್ಣಿಗೆ ತರಲು ಪಾದ್ರಿ ಬಿಷಪ್ಪರ ಮನೆಗೆ ಬರೆದರು. ಮೂಳೆ ಯಾರದ್ದೆಂದು ಗುರುತಿಸಲು ಸಾಧ್ಯವೇ ಎಂದು ಅಲ್ಲಿಂದ ಮರುಪ್ರಶ್ನೆ ಬಂತು. ಸಾಧ್ಯವಿರಲಿಲ್ಲ. ಒಂದರ ಮೇಲೊಂದು ಹಾಕುತ್ತಿದ್ದ ಗುಂಡಿ ಅದು. ವಿಷಯ ಅಲ್ಲಿಗೇ ನಿಂತಿತು.

ಆಶಾರಿ ಏಳನೆಯ ಪಕ್ಕಾಸನ್ನು ಕೂಡಿಸಲಿಲ್ಲ. ಹಳೆಯದನ್ನು ಪೂರ್ತಿ ತೆಗೆದು ಇಡೀ ಹೊಸ ಮರ ಹಾಕಿದರು. ಅದರ ಅಕ್ಕಪಕ್ಕದ ಎರಡನ್ನೂ ಬದಲಿಸಿದರು. ಇಡವ ಮಾಸದ ಮುಂಗಾರು ಸುರಿಯುವ ನಾಲ್ಕು ದಿನ ಮೊದಲು ಕೊನೆಯ ಹಂಚು ಕೂತಿತು. ನೆತ್ತಿತೊಲೆಗೆ ದಾರ ಹಿಡಿದು ನೋಡಿದರೆ ಎಳ್ಳಷ್ಟೂ ಬಾಗಿರಲಿಲ್ಲ. ಕಾಂಕ್ರೀಟಿನವರೂ ಮೆಚ್ಚಿದರು.

ಏಲಿಚ್ಚೇಡತ್ತಿ ಇಗರ್ಜಿಗೆ ಬರಲಿಲ್ಲ. ನಾನು ಕೆಲವು ಸಲ ಅವಳ ಮನೆಗೆ ಹೋಗಿ ಬಂದೆ. ಹಾಲಿಲ್ಲದ ಕಾಫಿ ಕೊಡುತ್ತಿದ್ದಳು, ಮಳೆಯ ಮಾತು, ಗೆಣಸಿನ ಮಾತು. ಕರ್ಕಾಟಕ ಮಾಸದ ಜಡಿಮಳೆಯಲ್ಲಿ ಹಾಸಿಗೆ ಹಿಡಿದಳು. ಪಾದ್ರಿ ಹೋಗಿ ನೋಡಿದಾಗ ಒಂದೇ ಮಾತು ಕೇಳಿದ್ದು, "ಅಚ್ಚೋ, ನನ್ನನ್ನ ಗುಂಡಿಗೆ ಹಾಕಿ, ಅವನ ಜೊತೆ." ಪಾದ್ರಿ ಮತ್ತೆ ಬಿಷಪ್ಪರ ಮನೆಗೆ ಬರೆದರು. ಉತ್ತರ ಬರಲಿಲ್ಲ. ಒಮ್ಮೆ ನಾನೇ ಹೋಗಿ ಕೇಳಿದೆ. ಕಾಗದ ಪರಿಶೀಲನೆಯಲ್ಲಿದೆ ಎಂದರು.

ತುಲಾ ಮಾಸದ ಗುಡುಗುಮಳೆಯ ವಾರದಲ್ಲಿ ಅವಳು ಹೋದಳು. ಬೆಳಿಗ್ಗೆ ಸುದ್ದಿ ತಿಳಿದ ಪಾದ್ರಿ ಸ್ವಲ್ಪ ಹೊತ್ತು ಇಗರ್ಜಿಯೊಳಗೆ ಕೂತಿದ್ದು, ಹೊರಗೆ ಬಂದು, ಗುಂಡಿ ತೋಡೋಣ ಎಂದರು. ಗಂಟೆ ಬಾರಿಸಲು ಇಟ್ಟೂಪ್ಪನನ್ನು ಕೈಹಿಡಿದು ಗೋಪುರದ ಕೆಳಗೆ ಕರೆದೊಯ್ದು ನಿಲ್ಲಿಸಿದೆ. ಭಾರ್ಗವನ್ ಆಶಾರಿ ಹೇಳಿಕಳಿಸದೆಯೇ ಬಂದಿದ್ದರು. ಪೆಟ್ಟಿಗೆ ಅವರೇ ಮಾಡಿದ್ದು.

ಎರಡಡಿ ತೋಡುವಷ್ಟರಲ್ಲಿ ಮೂಳೆ ಸಿಕ್ಕವು. ಒಬ್ಬರದ್ದಲ್ಲ, ಐದಾರು ಜನರದ್ದು. ಪಾದ್ರಿ ಶಿಲುಬೆ ಹಿಡಿದು, ಇಡೀ ಗುಂಡಿಗೆ ನೀರು ಚಿಮುಕಿಸಿ, ಗೊತ್ತಿದ್ದವರ ಹೆಸರು ಹೇಳಿ, ಹೆಸರು ತಿಳಿಯದವರನ್ನೂ ನೆನೆದರು. ಪೈಲಿಯ ಹೆಸರೂ ಬಂತು. ಮೂಳೆಗಳನ್ನೆಲ್ಲ ಒಂದು ಬಿಳಿ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ಪಕ್ಕದಲ್ಲೇ ಇಟ್ಟೆವು. ಬಂದಿದ್ದವರು ಹದಿನಾಲ್ಕು ಜನ. ನಾನು ಎಣಿಸಿದ್ದೆ.

ಒಂದು ತಿಂಗಳಲ್ಲಿ ಸ್ಕರಿಯಾ ಪಾದ್ರಿಯನ್ನು ಬೆಟ್ಟದ ಕಡೆಯ ಸಣ್ಣ ಇಗರ್ಜಿಯೊಂದಕ್ಕೆ ವರ್ಗ ಮಾಡಿದರು. ಅವರು ಒಂದು ಟ್ರಂಕು ಹಿಡಿದು ಬಸ್ಸು ಹತ್ತಿದರು. ಇಟ್ಟೂಪ್ಪ ಆ ಚಳಿಗಾಲ ಕಳೆಯಲಿಲ್ಲ. ನಾನು ಮೊಕ್ತೇಸರಿಕೆ ಬಿಟ್ಟೆ. ಬಿಡದಿದ್ದರೂ ಮುಂದಿನ ವರ್ಷ ಯಾರೂ ನನ್ನ ಹೆಸರು ಎತ್ತುತ್ತಿರಲಿಲ್ಲ.

ಈಗಲೂ ಭಾನುವಾರ ಹೋಗುತ್ತೇನೆ, ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಬರುವಾಗ ಬಲಗೋಡೆಯ ಬಳಿ ಅಪ್ಪನ ಕಲ್ಲಿನ ಮುಂದೆ ಸ್ವಲ್ಪ ನಿಲ್ಲುತ್ತೇನೆ. ಸುಲಿದ ಅಂಗೈಯಲ್ಲಿ ಅವರು ಪೈಲಿಯನ್ನು ಎಷ್ಟು ಹೊತ್ತು ಹಿಡಿದಿದ್ದರೋ ಕೇಳಬೇಕು ಎನಿಸುತ್ತದೆ. ಪ್ರಾರ್ಥನೆ ಮಾತ್ರ ಬಾಯಿಗೆ ಬರುವುದಿಲ್ಲ.